ಯಾವ ಕಾಡು ಅಂತ ಕೇಳಿದ್ದೆಯಲ್ಲ, ಗಪ್ಪತಿ

ಪ್ರೀತಿಯ ಗಪ್ಪತಿ,

ಹೋದ ತಿಂಗಳು ವಿಡಿಯೊ ಕಾಲ್ ಮಾಡಿದಾಗ ನಾನು ಫೋನನ್ನು ಕಿಟಕಿಯ ಕಡೆ ತಿರುಗಿಸಿ, "ನೋಡು ಮಾರಾಯ, ಇಲ್ಲೂ ನಮ್ಮ ಸಿದ್ದಾಪುರದ ಹಾಗೇ ಕಾಡು" ಅಂದಿದ್ದೆ. ನೀನು ಕವಳ ಜಗಿಯುತ್ತಾ ಒಂದೇ ಮಾತು ಕೇಳಿದೆ. "ಯಾವ ಕಾಡು?" ನನಗೆ ಅರ್ಥವಾಗಲಿಲ್ಲ. "ಮಳೆಕಾಡು ಕಣೋ, ಯಾವ ಕಾಡು ಅಂದ್ರೆ?" ಅಂದೆ. ನೀನು ನಕ್ಕು, ಕವಳ ಉಗಿಯಲು ಎದ್ದು ಹೋದವನು ವಾಪಸ್ ಬರಲೇ ಇಲ್ಲ. ಕರು ಹಗ್ಗ ಬಿಚ್ಚಿಕೊಂಡಿತ್ತು ಅಂತ ಆಮೇಲೆ ಮೆಸೇಜ್ ಹಾಕಿದ್ದೆ. ಆ ಕರುವಿನ ವಿಷಯ ನಾನು ನಂಬುವುದಿಲ್ಲ. 1998ರಿಂದ ನಂಬಿಲ್ಲ.

ಆದರೆ ಪ್ರಶ್ನೆ ನನ್ನ ತಲೆಯಲ್ಲೇ ಕೂತಿತು. 2017ರಿಂದ ಕೂಚಿಂಗ್‌ನಲ್ಲಿದ್ದೇನೆ. ಮಲೇಷ್ಯಾದ ಸರವಾಕ್ ರಾಜ್ಯದ ರಾಜಧಾನಿ, ಬೋರ್ನಿಯೊ ದ್ವೀಪದ ಮೇಲಿನ ಊರು. ಇಷ್ಟು ವರ್ಷ ಎದುರಿಗೆ ಕಂಡ ಹಸಿರನ್ನೆಲ್ಲ ಕಾಡು ಅಂತಲೇ ಕರೆದಿದ್ದೇನೆ. ಅದರಲ್ಲಿ ಎಷ್ಟೋ ಬರೀ ತಾಳೆಎಣ್ಣೆಯ ತೋಟ. ಮಲೇಷ್ಯಾದಲ್ಲಿ ಆ ತೋಟಗಳು 50 ಲಕ್ಷ ಹೆಕ್ಟೇರಿಗೂ ಜಾಸ್ತಿ, ಅಂದರೆ ನಮ್ಮ ಇಡೀ ಕರ್ನಾಟಕದ ಕಾಲು ಭಾಗಕ್ಕಿಂತ ಹೆಚ್ಚು. ಅಡಿಕೆ ತೋಟವನ್ನು ಯಾರಾದರೂ ಕಾಡು ಅಂದರೆ ನಾವಿಬ್ಬರೂ ಎಷ್ಟು ನಗುತ್ತಿದ್ದೆವು! ನಾನು ಇಲ್ಲಿ ಏಳೆಂಟು ವರ್ಷ ಅದನ್ನೇ ಅಂದಿದ್ದೇನೆ.

ಹಾಗಾಗಿ ಎರಡು ವಾರದ ಹಿಂದೆ, ಜೊತೆಗೆ ಕೆಲಸ ಮಾಡುವ ಇಬಾನ್ ಗೆಳೆಯನೊಬ್ಬನನ್ನು ಹಿಡಿದುಕೊಂಡು ಬಾಕೋಗೆ ಹೋದೆ. ಇಬಾನರು ಸರವಾಕ್‌ನ ಮೂಲ ಜನ. ಬಾಕೋ ಇಲ್ಲಿನ ಅತಿ ಹಳೆಯ ರಾಷ್ಟ್ರೀಯ ಉದ್ಯಾನ, 1957ರದ್ದು. ಬರೀ 27 ಚದರ ಕಿಲೋಮೀಟರ್. ಆದರೆ ಸರವಾಕ್‌ನಲ್ಲಿರುವ ಕಾಡಿನ ಬಗೆಗಳು ಹೆಚ್ಚುಕಡಿಮೆ ಎಲ್ಲವೂ ಅಷ್ಟರಲ್ಲೇ ಇವೆ. ನಿನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಉಳಿದವರೂ ಓದಲಿ ಅಂತ ಪತ್ರವನ್ನು ಎಲ್ಲರೆದುರಿಗೇ ಇಡುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಿದರೆ ನೀನು ಅದನ್ನು ತೆರೆಯುವುದು ದೀಪಾವಳಿಗೆ.

ಬಾಕೋಗೆ ರಸ್ತೆಯಿಲ್ಲ. ಹಳ್ಳಿಯವರೆಗೆ ಬಸ್ಸು, ಆಮೇಲೆ ದೋಣಿ. ನಾವು ಹೋದಾಗ ಇಳಿತದ ಹೊತ್ತು. ದೋಣಿಯವನು ದಡಕ್ಕೆ ಇನ್ನೂ ದೂರವಿರುವಾಗಲೇ ನಿಲ್ಲಿಸಿ, ಇಳಿಯಿರಿ ಅಂದ. ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಡೆದೆವು. ಎದುರಿಗೆ ಕಂಡಿದ್ದೇ ಕಾಂಡ್ಲಾ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಡು! ಅಘನಾಶಿನಿಯಲ್ಲಿ ನೋಡಿದ್ದೆವಲ್ಲ, ಕೆಸರಿನಿಂದ ಮೇಲಕ್ಕೆ ಬೆರಳು ಚಾಚಿದಂಥ ಬೇರು, ಅದೇ. ಅದರ ಮೇಲೆ ಉದ್ದ ಮೂಗಿನ ಮಂಗಗಳು ಕೂತು ಎಲೆ ತಿನ್ನುತ್ತಿದ್ದವು. ಡೊಳ್ಳು ಹೊಟ್ಟೆ, ಕೆಂಪು ಮುಖ, ತುಟಿಯ ಮೇಲೆ ಜೋತುಬಿದ್ದ ಮೂಗು. ಮಲಯ್ ಭಾಷೆಯಲ್ಲಿ ಅದಕ್ಕೆ ಡಚ್ಚರ ಮಂಗ ಅಂತ ಹೆಸರಿದೆ. ಎಲೆ ಅರಗಿಸಿಕೊಳ್ಳಲು ನಮ್ಮ ದನದ ಹಾಗೆ ಹೊಟ್ಟೆಯಲ್ಲಿ ಬೇರೆ ಬೇರೆ ಕೋಣೆಗಳಿವೆ ಅದಕ್ಕೆ. ದೊಡ್ಡ ಗಂಡೊಂದು ನನ್ನನ್ನೇ ದಿಟ್ಟಿಸಿತು. ನನಗೆ ಯಾರ ನೆನಪಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಫೋಟೊ ಕಳಿಸಿದ್ದೇನೆ, ನಿನಗೇ ತಿಳಿಯುತ್ತದೆ. ಹೆಸರು ಬಾಯಿ ಬಿಡಬೇಡ.

ಅಲ್ಲಿಂದ ಲಿಂತಾಂಗ್ ಅನ್ನುವ ಕಾಲುದಾರಿ ಹಿಡಿದೆವು. ಸುತ್ತು ಹಾಕಿ ಬರಲು ಸುಮಾರು ಆರು ಕಿಲೋಮೀಟರ್. ಮೊದಲು ಬೇರು ಹಿಡಿದು ಹತ್ತುವ ಏರು. ಅಲ್ಲಿರುವುದು ಡಿಪ್ಟೆರೋಕಾರ್ಪ್ ಕಾಡು. ಹೆಸರು ಕಷ್ಟ, ಮರ ಮಾತ್ರ ನಮ್ಮ ನೆಂಟರೇ. ಎರಡು ರೆಕ್ಕೆಯ ಕಾಯಿ ಅಂತ ಅದರ ಅರ್ಥ. ಹೈಗದ ಕಾಯಿಯನ್ನು ನಾವು ಬಂಡೆ ಮೇಲಿಂದ ಹಾರಿಸಿ ಗಿರಗಿರ ತಿರುಗಿಸುತ್ತಿದ್ದೆವಲ್ಲ, ಆ ಹೈಗ ಇದೇ ಕುಟುಂಬದ್ದು. ಧೂಪದ ಮರವೂ ಅಷ್ಟೇ. ನಮ್ಮಲ್ಲಿ ಈ ಕುಟುಂಬದ್ದು ಬೆರಳೆಣಿಕೆಯಷ್ಟು ಜಾತಿ. ಇಲ್ಲಿ ಕಾಡಿನ ಮನೆ ಯಜಮಾನಿಕೆಯೇ ಇವುಗಳದ್ದು. ಪಕ್ಕದ ಸಬಾ ರಾಜ್ಯದಲ್ಲಿ 2018ರಲ್ಲಿ ಇದೇ ಕುಟುಂಬದ ಒಂದು ಹಳದಿ ಮೆರಾಂತಿ ಮರ ಪತ್ತೆಯಾಯಿತು. ಹತ್ತಿ ಅಳೆದಾಗ 100.8 ಮೀಟರ್! ನಮ್ಮ ಸರವಾಕ್‌ನಲ್ಲೇ ಮೀರಿ ಅನ್ನುವ ಊರಿನ ಹತ್ತಿರ ಲಂಬೀರ್ ಅನ್ನುವ ಕಾಡಿದೆ. ಅಲ್ಲಿ 52 ಹೆಕ್ಟೇರು ಜಾಗ ಗುರುತು ಹಾಕಿ, ಬೆರಳ ಗಾತ್ರದ ಗಿಡದಿಂದ ಹಿಡಿದು ಎಲ್ಲವನ್ನೂ ಎಣಿಸಿದ್ದಾರೆ. ಮರದ ಜಾತಿಗಳೇ ಸುಮಾರು 1,200. ನಿಮ್ಮ ಸೊಪ್ಪಿನ ಬೆಟ್ಟವನ್ನೂ ನಮ್ಮದನ್ನೂ ಸೇರಿಸಿ ನಾವು ಎಷ್ಟು ಮರದ ಹೆಸರು ಹೇಳಬಲ್ಲೆವು? ಅರವತ್ತು?

ಇನ್ನೊಂದು ಸಂಗತಿ ಕೇಳು. ಈ ಮರಗಳು ಪ್ರತಿ ವರ್ಷ ಹೂ ಬಿಡುವುದಿಲ್ಲ. ವರ್ಷಗಟ್ಟಲೆ ಸುಮ್ನೆ ಇದ್ದು, ಒಂದು ವರ್ಷ ಬೇರೆ ಬೇರೆ ಜಾತಿಯ ಮರಗಳೆಲ್ಲ ಒಟ್ಟಿಗೇ ಹೂ ಬಿಡುತ್ತವೆ. ಆಗ ಕಾಡಿನ ತುಂಬ ಕಾಯಿ. ಹಂದಿ, ಹಕ್ಕಿ, ಅಳಿಲು ಎಲ್ಲ ತಿಂದು ತೇಗಿದರೂ ಮಿಕ್ಕುವಷ್ಟು. ಮಿಕ್ಕಿದ್ದರಲ್ಲಿ ಸಸಿ ಏಳುತ್ತದೆ. ನನ್ನ ಇಬಾನ್ ಗೆಳೆಯನ ಅಜ್ಜಿ ಅಂಥ ವರ್ಷದಲ್ಲಿ ಎಂಕಬಾಂಗ್ ಅನ್ನುವ ಕಾಯಿ ಆರಿಸಿ, ಅದರ ಕೊಬ್ಬು ತೆಗೆದು ಬಿದಿರಿನಲ್ಲಿ ತುಂಬಿಡುತ್ತಿದ್ದಳಂತೆ. ಬಿಸಿ ಅನ್ನದ ಮೇಲೆ ಹಾಕಿಕೊಂಡರೆ ಬೆಣ್ಣೆಯ ಹಾಗೆ ಕರಗುತ್ತದೆ ಅಂದ. ನನಗೆ ಕೋಕಂ ತುಪ್ಪ ನೆನಪಾಯಿತು, ನಿಮ್ಮಾಯಿ ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದಳಲ್ಲ, ಮುರುಗಲ ಬೀಜದ್ದು.

ಏರು ಮುಗಿಯಿತು. ಹತ್ತು ಹೆಜ್ಜೆಯೊಳಗೆ ಕಾಡೇ ಬೇರೆ ಆಯಿತು ಗಪ್ಪತಿ. ನಾನು ನಿಂತುಬಿಟ್ಟೆ. ಕತ್ತಲೆ ಹೋಗಿ ಬೆಳಕು. ತಬ್ಬಿದರೆ ಕೈಗೆ ಸಿಗದಂಥ ಮರಗಳು ಹೋಗಿ ಗೂಟದ ಹಾಗೆ ಸಪೂರ ಮರಗಳು. ಕಾಲ ಕೆಳಗೆ ಸಕ್ಕರೆಯಂಥ ಬಿಳಿ ಮರಳು. ಪಕ್ಕದಲ್ಲಿ ಹರಿಯುವ ನೀರು ಹಾಲು ಹಾಕದ ಚಹಾದ ಬಣ್ಣ. "ಇದು ಕೆರಂಗಾಸ್" ಅಂದ ಗೆಳೆಯ. ಇಬಾನ್ ಭಾಷೆಯ ಮಾತು. ಭತ್ತ ಬೆಳೆಯದ ನೆಲ ಅಂತ ಅರ್ಥ. ಕಡಿದು ಸುಟ್ಟು ಬಿತ್ತಿದರೂ ಅಲ್ಲಿ ಭತ್ತ ಏಳುವುದಿಲ್ಲ. ಮಣ್ಣಿನಲ್ಲಿ ಸತ್ವ ಇಲ್ಲ, ಹುಳಿ ಬೇರೆ. ಸಸ್ಯವಿಜ್ಞಾನಿಗಳೂ ಈಗ ಇಂಥ ಕಾಡಿಗೆ ಇದೇ ಹೆಸರು ಬಳಸುತ್ತಾರೆ. ಯಾವುದೋ ಅಜ್ಜಿ ಗದ್ದೆ ಮಾಡಲು ಹೋಗಿ, ಸೋತು ಬಂದು ಇಟ್ಟ ಹೆಸರು ಅನಿಸಿತು.

ಊಟವಿಲ್ಲದ ಮನೆಯಲ್ಲಿ ಹೇಗೆ ಬದುಕಬೇಕು ಅಂತ ಅಲ್ಲಿನ ಗಿಡಗಳು ಕಲಿತಿವೆ. ನಾನು ಮಂಡಿಯೂರಿ ಒಂದು ಹೂಜಿಗಿಡ ನೋಡಿದೆ. ನೆಲದಲ್ಲೇ ಎಂಟು ಹತ್ತು ಪುಟ್ಟ ಕುಡಿಕೆಗಳು ಗುಂಪಾಗಿ ಕೂತಿದ್ದವು, ನಮ್ಮ ಮೊಸರಿನ ಕುಡಿಕೆಯ ಆಕಾರ, ಹಸಿರು ಮೈಗೆ ಕೆಂಪು ಚುಕ್ಕಿ. ಮುಚ್ಚಳ ಹಿಂದಕ್ಕೆ ಬಾಗಿತ್ತು. ಇಣುಕಿದರೆ ಒಳಗೆ ಮಳೆನೀರು, ಅದರಲ್ಲಿ ಕೊಳೆಯುತ್ತಿರುವ ಎರಡು ಎಲೆ, ನೀರಿನಲ್ಲಿ ಕುಣಿಯುವ ಸೊಳ್ಳೆಮರಿ. ಹೂಜಿಗಿಡ ಅಂದರೆ ಹುಳ ಹಿಡಿದು ತಿನ್ನುವುದು ಅಂತ ನಾವು ಓದಿದ್ದೆವು. ಈ ಜಾತಿ ಮೇಲಿನಿಂದ ಬೀಳುವ ಎಲೆಗಳನ್ನೂ ಹಿಡಿದು ಕೊಳೆಸಿಕೊಂಡು ಗೊಬ್ಬರ ಮಾಡಿಕೊಳ್ಳುತ್ತದೆ. ಅದಕ್ಕೇ ಮುಚ್ಚಳ ಹಿಂದಕ್ಕೆ! ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಗೊಬ್ಬರಗುಂಡಿಗೆ ಹಾಕುವ ನಮ್ಮ ಕೆಲಸವನ್ನೇ ಅಂಗೈಯಷ್ಟು ಗಿಡ ಮಾಡುತ್ತಿದೆ ಅಂತ ನಾನು ಜೋರಾಗಿ ನಕ್ಕೆ. ಗೆಳೆಯನಿಗೆ ಯಾಕೆ ಅಂತ ತಿಳಿಯಲಿಲ್ಲ. ಅವನಿಗೆ ಸೊಪ್ಪಿನ ಬೆಟ್ಟ ಅಂದರೆ ಏನು ಅಂತ ಹೇಳಬೇಕಾಯಿತು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ, ಸೊಪ್ಪು ಸೌದೆಗೆ ಅಂತ ಬ್ರಿಟಿಷರ ಕಾಲದಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬಂದ ಹಕ್ಕು ಅಂದೆ. ಅವನಿಗೆ ತಕ್ಷಣ ಅರ್ಥವಾಯಿತು. ಅವರಲ್ಲೂ ಇದೆ. ಬೇಸಾಯ ಮಾಡಿ ಬಿಟ್ಟು ಮತ್ತೆ ಕಾಡಾಗುತ್ತಿರುವ ನೆಲಕ್ಕೆ ತೆಮುಡ ಅನ್ನುತ್ತಾರೆ. ಊರಿಗೆ ಸೇರಿದ, ಕಡಿಯದೆ ಉಳಿಸಿಕೊಂಡ ಹಳೆಯ ಕಾಡಿಗೆ ಪುಲಾವ್. ನಗಬೇಡ, ನಾನು ಆಗಲೇ ನಕ್ಕಾಗಿದೆ. ಆ ಪುಲಾವ್ ಹಕ್ಕಿಗೆ ಕಾನೂನಿನ ಬಲವಿಲ್ಲ ಅಂತ 2016ರ ಡಿಸೆಂಬರಿನಲ್ಲಿ ಇಲ್ಲಿನ ಫೆಡರಲ್ ಕೋರ್ಟ್ ಹೇಳಿತು. ಜನ ಎದ್ದರು. 2018ರಲ್ಲಿ ಸರವಾಕ್ ತನ್ನ ಭೂ ಕಾನೂನನ್ನೇ ತಿದ್ದಬೇಕಾಯಿತು.

ಆಗ ನನಗೆ ನಿನ್ನಜ್ಜನ ನೆನಪು ಬಂತು. ಅಜ್ಜ ಒಂದು ದಿನವೂ ಕಾಡಿಗೆ ಹೋಗುತ್ತೇನೆ ಅಂದಿದ್ದಿಲ್ಲ. ಕಾನಿಗೆ ಅನ್ನುತ್ತಿದ್ದ. ಬೆಟ್ಟಕ್ಕೆ, ಬೇಣಕ್ಕೆ, ಹಕ್ಕಲಿಗೆ, ಜಡ್ಡಿಗೆ. ಒಂದೊಂದಕ್ಕೂ ಒಂದೊಂದು ಕತ್ತಿ, ಒಂದೊಂದು ಬುಟ್ಟಿ. ಕಾನಿನಲ್ಲಿ ವಾಟೆಹುಳಿ, ಮುರುಗಲು. ಬೇಣದಲ್ಲಿ ದನದ ಹುಲ್ಲು. ಜಡ್ಡಿಯಲ್ಲಿ ಏನೂ ಕೊಯ್ಯುತ್ತಿರಲಿಲ್ಲ, ಅಲ್ವಾ? ಜಡ್ಡಿಗೆ ಹೋದರೆ ಸುಮ್ನೆ ನೋಡಿಕೊಂಡು ಬರುತ್ತಿದ್ದ. "ಯಾವ ಕಾಡು?" ಅಂತ ನೀನು ಕೇಳಿದ್ದು ಅಜ್ಜನ ಪ್ರಶ್ನೆ. ನನಗೆ ಅದು ತಮಾಷೆ ಅನಿಸಿತ್ತು.

ಬಾಕೋದಿಂದ ಬಂದ ವಾರವೇ ಕೆಲಸದ ಮೇಲೆ ಸಿಬುಗೆ ಹೋದೆ. ಇಲ್ಲಿಂದ ಪತ್ರ ಸ್ವಲ್ಪ ಭಾರ ಆಗುತ್ತದೆ.

ಸಿಬು ಪೀಟ್ ನೆಲದ ಮೇಲೆ ಎದ್ದ ಪಟ್ಟಣ. ಪೀಟ್ ಅಂದರೆ ನೀರಿನಲ್ಲಿ ಮುಳುಗಿ ಪೂರ್ತಿ ಕೊಳೆಯದೆ ಉಳಿದ ಎಲೆ, ಬೇರು, ಮರ. ಸಾವಿರಾರು ವರ್ಷ ಒಂದರ ಮೇಲೊಂದು ಬಿದ್ದು ಕಪ್ಪು ಮೆತ್ತೆಯಾಗಿದೆ. ಇಲ್ಲಿ ಕೆಲವೆಡೆ ಹತ್ತು ಮೀಟರಿಗೂ ಜಾಸ್ತಿ ಆಳ. ಅದು ಚಪ್ಪಟೆಯಾಗಿಯೂ ಇರುವುದಿಲ್ಲ, ಬೋರಲು ಹಾಕಿದ ಬಾಣಲೆಯ ಹಾಗೆ ನಡುವೆ ಉಬ್ಬಿರುತ್ತದೆ. ಆ ಉಬ್ಬಿಗೆ ಹೊಳೆಯ ನೀರು ತಲುಪುವುದಿಲ್ಲ, ಮಳೆಯೊಂದೇ ಗತಿ. ಅಂಚಿನಲ್ಲಿ ಎತ್ತರದ ಕಾಡು, ನಡುವಿಗೆ ಹೋದಂತೆ ಮರ ಗಿಡ್ಡ, ಸಪೂರ. ಆಂಡರ್ಸನ್ ಅನ್ನುವ ಅರಣ್ಯಾಧಿಕಾರಿ 1960ರ ಸುಮಾರಿಗೆ ಒಂದೇ ಜೌಗಿನೊಳಗೆ ಆರು ಬಗೆಯ ಕಾಡು ಗುರುತಿಸಿದ್ದ. ಕಾಲುವೆ ತೋಡಿ ನೀರು ಬಸಿದರೆ ಈ ನೆಲ ಕೂತುಬಿಡುತ್ತದೆ. ಮೊದಲ ಐದು ವರ್ಷದಲ್ಲೇ ಒಂದು ಮೀಟರಿಗಿಂತ ಹೆಚ್ಚು ಕುಸಿದದ್ದನ್ನು ಅಳೆದವರಿದ್ದಾರೆ. ಒಣಗಿದ ಮೇಲೆ ಬೆಂಕಿ ಬಿದ್ದರೆ ನೆಲದೊಳಗೇ ಉರಿಯುತ್ತಾ ಹೋಗುತ್ತದೆ. 2019ರ ಸೆಪ್ಟೆಂಬರಿನಲ್ಲಿ ಗಡಿಯಾಚೆ ಇಂಡೊನೇಷ್ಯಾದಲ್ಲಿ ಹಾಗೆ ಹೊತ್ತಿಕೊಂಡಾಗ ಕೂಚಿಂಗ್‌ನಲ್ಲಿ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಮಗಳು ಕಿಟಕಿಯಲ್ಲಿ ನಿಂತು, ಎದುರಿನ ಮನೆ ಎಲ್ಲಿ ಹೋಯಿತು ಅಂತ ಕೇಳಿದ್ದಳು.

ಸಿಬುವಿನಲ್ಲಿ ಒಂದು ಮನೆಯ ಮೆಟ್ಟಿಲು ನೋಡಿದೆ. ಮನೆಯನ್ನು ಆಳದ ಗಟ್ಟಿ ನೆಲದವರೆಗೆ ಕಂಬ ಇಳಿಸಿ ಕಟ್ಟಿದ್ದರು. ಹಾಗಾಗಿ ಮನೆ ಇದ್ದಲ್ಲೇ ಇದೆ, ಸುತ್ತಲಿನ ನೆಲ ಇಳಿಯುತ್ತಿದೆ. ಬಾಗಿಲ ಮುಂದೆ ಮೊದಲು ಎರಡು ಮೆಟ್ಟಿಲಿತ್ತಂತೆ. ಕೆಳಗೆ ಮೂರನೆಯದನ್ನು ಸಿಮೆಂಟಿನಲ್ಲಿ ಕಟ್ಟಿದ್ದರು. ಅದರ ಕೆಳಗೆ ನಾಲ್ಕನೆಯದು, ಬಣ್ಣವೇ ಬೇರೆ. ಐದನೆಯದಕ್ಕೆ ಒಂದು ಮರದ ಪೆಟ್ಟಿಗೆ ಇಟ್ಟಿದ್ದರು. ಮನೆಯ ಅಜ್ಜಿ ಆ ಪೆಟ್ಟಿಗೆಯ ಮೇಲೆ ಕಾಲಿಟ್ಟು, ಬಾಗಿಲ ಚೌಕಟ್ಟು ಹಿಡಿದು, ಜಾಗ್ರತೆಯಾಗಿ ಇಳಿದಳು. ನಾನು ರಸ್ತೆಯ ಈಚೆ ನಿಂತು ನೋಡುತ್ತಿದ್ದೆ. ಎದೆ ಹಿಂಡಿದ ಹಾಗಾಯಿತು.

ಯಾಕೆಂದರೆ ನನಗೆ ನಮ್ಮ ಜಡ್ಡಿ ಕಣ್ಣಮುಂದೆ ಬಂತು.

ಓದುವ ಉಳಿದವರಿಗೆ ಒಂದು ಮಾತು. ಜಡ್ಡಿ ಅಂದರೆ ನಮ್ಮ ಕಡೆ ಕಾನಿನೊಳಗಿನ, ಅಂದರೆ ದಟ್ಟ ನಿತ್ಯಹಸಿರು ಕಾಡಿನೊಳಗಿನ ಜೌಗು. ರಾಮಪತ್ರೆಯ ಬಳಗದ ಮರಗಳು ಅಲ್ಲಿ ನೀರಿನಲ್ಲೇ ನಿಂತಿರುತ್ತವೆ. ಕೆಸರಿನಲ್ಲಿ ಉಸಿರು ಸಿಗದ ಬೇರುಗಳು ಮಡಚಿದ ಮೊಣಕಾಲಿನ ಹಾಗೆ ಮೇಲೆದ್ದು ಮತ್ತೆ ಒಳಗಿಳಿಯುತ್ತವೆ. ಸಿದ್ದಾಪುರದ ಕತ್ತಲೆಕಾನಿನಲ್ಲಿ ಇಂಥದ್ದು ಇನ್ನೂ ಉಳಿದಿದೆ. ಕಾಡುಗೇರಿನ ಸಂಬಂಧಿಯಾದ ಒಂದು ಮರ ಹೊಸ ಜಾತಿ ಅಂತ ಲೋಕಕ್ಕೆ ಪರಿಚಯವಾಗಿದ್ದು ಅಲ್ಲಿಂದ, 2000ರಲ್ಲಿ. ಕತ್ತಲೆಕಾನಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಇಲ್ಲಿನ ಪೀಟ್ ಜೌಗಿನಲ್ಲೂ ರಾಮಪತ್ರೆಯ ಬಳಗದ ಮರಗಳಿವೆ. ಸಮುದ್ರದ ಎರಡು ದಡದಲ್ಲಿ ಒಂದೇ ಬಳಗ, ಒಂದೇ ಥರ ನೀರಿನಲ್ಲಿ ನಿಂತಿದೆ.

ಗಪ್ಪತಿ, ನಮ್ಮ ಮನೆಯ ಮೇಲಿನ ಜಡ್ಡಿ ಮುಚ್ಚಿದ್ದು 2021ರಲ್ಲಿ. ಅಡಿಕೆ ಕ್ವಿಂಟಾಲಿಗೆ 50 ಸಾವಿರ ಮುಟ್ಟಿದ ವರ್ಷ. ಜೆಸಿಬಿ ಬಂದು ಮೂರು ದಿನ ಕೆಲಸ ಮಾಡಿತು. ಧರೆ ಕಡಿದು ಕೆಂಪು ಮಣ್ಣು ತುಂಬಿದರು, ಬಸಿಗಾಲುವೆ ತೆಗೆದರು, ಅಡಿಕೆ ಸಸಿ ನೆಟ್ಟರು. ಮೇ ತಿಂಗಳಲ್ಲೂ ಹೆಬ್ಬೆರಳ ಗಾತ್ರ ಬೀಳುತ್ತಿದ್ದ ನಿಮ್ಮನೆಯ ಅಬ್ಬಿ ನೀರು, ಮೇಲಿನಿಂದ ಹರಿದು ಬರುವುದು, ಆಮೇಲಿನಿಂದ ಯುಗಾದಿಗೇ ನಿಲ್ಲುತ್ತದೆ. ನೀನು ನಮ್ಮಣ್ಣನ ಹತ್ತಿರ ಜಗಳ ಆಡಿದೆ. ಆಮೇಲೆ ನಮ್ಮನೆಯಲ್ಲಿ ಎಲ್ಲರೂ ಸೇರಿ ಚಕ್ಲಿ ಮಾಡುವ ಕಂಬಳಕ್ಕೆ ಬರುವುದನ್ನು ಬಿಟ್ಟೆ. ನಾನು ಇಲ್ಲಿಂದ ಫೋನ್ ಮಾಡಿ, ಅಣ್ಣ ನನ್ನನ್ನು ಒಂದು ಮಾತೂ ಕೇಳಲಿಲ್ಲ ಅಂದೆ. ನೀನು ನಂಬಿದೆ. ನಮ್ಮಿಬ್ಬರ ನಡುವೆ ಏನೂ ಬದಲಾಗುವುದಿಲ್ಲ ಅಂದೆ.

ಅಣ್ಣ ಕೇಳಿದ್ದ. ಮೂರು ಸಲ ಕೇಳಿದ್ದ. ಬೇಡ ಅನಿಸುತ್ತದೆ, ಅಪ್ಪಯ್ಯ ಅದನ್ನು ಮುಟ್ಟಿರಲಿಲ್ಲ ಅಂದಿದ್ದ. ನಾನೇ, ಅಲ್ಲಿ ಸುಮ್ನೆ ಕೆಸರು ಇಟ್ಟುಕೊಂಡು ಏನು ಮಾಡುತ್ತೀಯ, ನಮ್ಮ ಮಾಲ್ಕಿ ಜಾಗ, ಒಂದೂವರೆ ಎಕರೆ ತೋಟ ಆಗುತ್ತದೆ ಅಂದೆ. ನಾಲ್ಕು ಲಕ್ಷ ಕಳಿಸಿದ್ದು ನಾನು. ಆ ವರ್ಷ ಬೋನಸ್ ಬಂದಿತ್ತು. ಜೆಸಿಬಿ ಕೆಲಸ ಮಾಡುವ ವಿಡಿಯೊ ಅಣ್ಣ ಕಳಿಸಿದಾಗ ಹೆಬ್ಬೆರಳು ಎತ್ತಿದ ಗುರುತು ಹಾಕಿದ್ದೆ. ಆ ವಿಡಿಯೊ ಈಗಲೂ ನನ್ನ ಫೋನಿನಲ್ಲಿದೆ. ಹದಿನಾಲ್ಕನೆಯ ಸೆಕೆಂಡಿನಲ್ಲಿ ಒಂದು ಪಿಂಡಿಮರ ವಾಲುತ್ತದೆ. ಬುಡ ಮೇಲೆ ಬಂದಾಗ ಆ ಮೊಣಕಾಲು ಬೇರುಗಳೆಲ್ಲ ಒಟ್ಟಿಗೆ ಕೆಸರಿನಿಂದ ಹೊರಗೆ ಬರುತ್ತವೆ.

ಇಷ್ಟು ವರ್ಷ ನಿನ್ನ ಕೋಪವನ್ನು ಅಣ್ಣ ಒಬ್ಬನೇ ಹೊತ್ತಿದ್ದಾನೆ. ನಿನ್ನ ಎದುರು ನನ್ನ ಹೆಸರು ಒಂದು ಸಲವೂ ಎತ್ತಿಲ್ಲ. ನಾನು ಸಂಧಾನದ ಮಾತಾಡಿಕೊಂಡು ಇಬ್ಬರ ಹತ್ತಿರವೂ ಒಳ್ಳೆಯವನಾಗಿದ್ದೆ. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ. ಬಾಕೋದ ಮಂಗನ ಕತೆ ಹೇಳಿ ಮುಗಿಸೋಣ ಅಂತಿದ್ದೆ. ಸಿಬುವಿನ ಆ ಮೆಟ್ಟಿಲು ಬರೆಯುವಾಗ ಕೈ ನಿಂತಿತು. ಈಗ ಎಲ್ಲರೂ ಓದುತ್ತಿದ್ದಾರೆ. ಓದಲಿ. ಅಣ್ಣನಿಗೆ ಇಷ್ಟಾದರೂ ಸಲ್ಲಬೇಕು. ನಿನ್ನ ಹತ್ತಿರ ಕ್ಷಮೆ ಕೇಳುವುದನ್ನು ಇಲ್ಲಿ ಮಾಡುವುದಿಲ್ಲ. ಅದಕ್ಕೆ ನಿಮ್ಮನೆ ಜಗುಲಿಗೇ ಬರುತ್ತೇನೆ.

ಜೂನ್ ಎರಡನೆಯ ವಾರ ಟಿಕೆಟ್ ಮಾಡಿದ್ದೇನೆ. ಅಣ್ಣನ ಜೊತೆ ನಿನ್ನೆ ರಾತ್ರಿ ಮಾತಾಡಿದೆ. ಮೇಲಿನ ಅರ್ಧ ಎಕರೆಯಲ್ಲಿ ಬಸಿಗಾಲುವೆ ಮುಚ್ಚಿ ನೀರು ನಿಲ್ಲಿಸಿ ನೋಡೋಣ ಅಂದ. ಆ ಭಾಗದ ಅಡಿಕೆ ಹೇಗೂ ಹಳದಿ ಬಿದ್ದಿದೆಯಂತೆ. ಪಿಂಡಿ, ರಾಮಪತ್ರೆ ಸಸಿ ಎಲ್ಲಿ ಸಿಗುತ್ತದೆ ಅಂತ ನಿನಗೇ ಚೆನ್ನಾಗಿ ಗೊತ್ತು. ಯಾವುದನ್ನು ಎಲ್ಲಿ ನೆಡಬೇಕು ಅನ್ನುವುದೂ ನಿನಗೇ ಗೊತ್ತು. ಅಜ್ಜ ನಿನ್ನನ್ನು ಜಡ್ಡಿಗೆ ಕರೆದುಕೊಂಡು ಹೋಗುತ್ತಿದ್ದ. ನಾನು ಜಿಗಣೆ ಅಂತ ದಡದಲ್ಲೇ ನಿಲ್ಲುತ್ತಿದ್ದೆ.

ಸಾಕು. ಗಂಟಲು ಕಟ್ಟಿತು. ಬೇರೆ ಸುದ್ದಿ ಹೇಳುತ್ತೇನೆ. ಬಾಕೋದ ಕ್ಯಾಂಟೀನಿನಲ್ಲಿ ಒಂದು ಕೋತಿ ನನ್ನ ತಟ್ಟೆಯಿಂದ ಕರಿದ ಮೊಟ್ಟೆ ಎತ್ತಿಕೊಂಡು ಹೋಯಿತು, ಅನ್ನ ಮುಟ್ಟಲಿಲ್ಲ. ಹೊರಗೆ ಗಡ್ಡದ ಹಂದಿಯೊಂದು ಯಾರ ಹೆದರಿಕೆಯೂ ಇಲ್ಲದೆ ಕುರ್ಚಿಗಳ ನಡುವೆ ಓಡಾಡಿಕೊಂಡಿತ್ತು, ಥೇಟ್ ನಿಮ್ಮ ದೊಡ್ಡ ಮಾವ ಮದುವೆ ಮನೆಯಲ್ಲಿ ಓಡಾಡುವ ಹಾಗೆ. ಮಗಳಿಗೆ ಕವಳ ಅಂದರೆ ಏನು ಅಂತ ಹೇಳಿಕೊಡಲು ಹೋಗಿ ಮನೆಯಲ್ಲಿ ಬೈಸಿಕೊಂಡಿದ್ದೇನೆ.

ಅಪ್ಪೆಮಿಡಿ ಈ ವರ್ಷ ಹೇಗೆ? ಆಯಿಗೆ ಹೇಳು, ನನಗೆ ಎರಡು ಕೆ.ಜಿ. ಉಪ್ಪಿನಕಾಯಿ ಬೇಕು. ಆದರೆ ಆ ನೀಲಿ ಮುಚ್ಚಳದ ಡಬ್ಬದಲ್ಲಿ ಮಾತ್ರ ಬೇಡ. ಕೌಲಾಲಂಪುರದ ಏರ್‌ಪೋರ್ಟಿನಲ್ಲಿ ಏನಾಯಿತು ಅಂತ ಆಯಿಗೆ ಇನ್ನೂ ಹೇಳಿಲ್ಲ ತಾನೇ?

ನಿನ್ನ,
ದಡದಲ್ಲಿ ನಿಲ್ಲುತ್ತಿದ್ದವನು